ಹಸುಗೂಸುಗಳ ಸಾವಿಗೆ ಹೊಣೆ ಯಾರು?

ಮಳೆಗಾಲವು ಕಾಲಿಟ್ಟೊಡನೆ ನಮ್ಮ ಊರುಗಳ ಗೋಡೆಗಳ ಮೇಲೆಯೂ ಪತ್ರಿಕೆಗಳ ಪುಟಗಳಲ್ಲಿಯೂ ಒಂದು ಪ್ರಕಟನೆಯು ತಪ್ಪದೆ ಕಾಣಿಸಿಕೊಳ್ಳುವುದು. ನೀರನ್ನು ಕಾಯಿಸಿ ಆರಿಸಿ ಕುಡಿಯಿರಿ, ಕೈಗಳನ್ನು ಸಾಬೂನಿನಿಂದ ತೊಳೆಯಿರಿ, ತೆರೆದಿಟ್ಟ ತಿನಿಸನ್ನು ಮಕ್ಕಳಿಗೆ ಕೊಡದಿರಿ ಎಂದು ಅದರಲ್ಲಿ ತಾಯಂದಿರಿಗೆ ಬೋಧಿಸಿರುವುದು. ಇಂಥ ಪ್ರಕಟನೆಗಳನ್ನು ನಾವೂ ಅಚ್ಚು ಹಾಕಿದ್ದೇವೆ. ಅದರ ದರವನ್ನೂ ಪಡೆದಿದ್ದೇವೆ. ಅವುಗಳಲ್ಲಿ ಹೇಳಿದುದೊಂದೂ ಸುಳ್ಳಲ್ಲ. ಆದರೆ ಆ ನೀರು ತಾಯಿಯ ಕೊಡಕ್ಕೆ ಬೀಳುವುದಕ್ಕೆ ಮುಂಚೆ ಯಾವ ಕೊಳವೆಯಲ್ಲಿ ಹರಿದು, ಯಾವ ಗಟಾರವನ್ನು ದಾಟಿ ಬಂದಿತೆಂಬುದನ್ನು ಆ ಪ್ರಕಟನೆಗಳು ಹೇಳುವುದಿಲ್ಲ. ಹೇಳಬೇಕಾದವರು ಪ್ರಕಟನೆಯನ್ನು ಬರೆದವರೇ ಆಗಿರುವುದರಿಂದ ಅದು ಹೊರಬೀಳುವುದು ಕಠಿನವೇ ಸರಿ.

ಈ ಬಗೆಯ ಉಪದೇಶವು ಹೊಸದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಯಂತ್ರೋದ್ಯಮದ ಪಟ್ಟಣಗಳಲ್ಲಿ ಇದೇ ಉಪದೇಶವನ್ನು ಇದಕ್ಕಿಂತ ಗಟ್ಟಿಯಾದ ದನಿಯಲ್ಲಿ ಮಾಡಲಾಯಿತು. ಆಗ ಅಲ್ಲಿ ನಡೆದುದೇನು, ಅದರಿಂದ ಫಲಿಸಿದುದೇನು ಎಂಬ ವೃತ್ತಾಂತವು ಅಂಕಿಗಳ ಸಹಿತವಾಗಿ ದೊರೆಯುತ್ತದೆ. ಪರರು ತೆತ್ತ ಬೆಲೆಯಿಂದ ನಾವು ಪಾಠ ಕಲಿಯುವುದಾದರೆ ಅದು ಅಗ್ಗದ ಪಾಠವೇ. ಆದುದರಿಂದ ವಾಚಕರು ಸ್ವಲ್ಪ ಹೊತ್ತು ನಮ್ಮೊಡನೆ ಆ ಪಟ್ಟಣಗಳನ್ನು ನೋಡಬೇಕೆಂದು ಕೋರುವೆವು.

1899ನೆಯ ಇಸವಿಯಲ್ಲಿ ಇಂಗ್ಲೆಂಡು ಮತ್ತು ವೇಲ್ಸ್ ಪ್ರಾಂತಗಳಲ್ಲಿ ಹುಟ್ಟಿದ ಪ್ರತಿ 1000 ಶಿಶುಗಳಲ್ಲಿ 163 ಶಿಶುಗಳು ಒಂದು ವರುಷ ತುಂಬುವುದರೊಳಗಾಗಿ ಸತ್ತುವು. ಎಂದರೆ ಆರು ಕೂಸುಗಳಲ್ಲಿ ಒಂದು. ಜಗತ್ತಿನ ನಾಲ್ಕರಲ್ಲೊಂದು ಭಾಗದ ಮೇಲೆ ಅಧಿಕಾರ ನಡೆಸುತ್ತಿದ್ದ, ಸಂಪತ್ತಿನಲ್ಲಿ ತನಗೆ ಸಮಾನರಿಲ್ಲವೆಂದು ಬೀಗುತ್ತಿದ್ದ ರಾಷ್ಟ್ರದ ತೊಟ್ಟಿಲುಗಳ ಲೆಕ್ಕವಿದು. ಇಂಥ ಸಾವುಗಳಲ್ಲಿ ಅತ್ಯಂತ ಭಯಂಕರವಾದ ಪಾಲು ಬೇಸಗೆಯ ಅತಿಸಾರದ್ದು. ಚಳಿಗಾಲದಲ್ಲಿ ಅದರ ಸುಳಿವು ಕಡಿಮೆ. ಜುಲೈ ತಿಂಗಳು ಕಾಲಿಟ್ಟು ಬಿಸಿಲೇರಿತೆಂದರೆ ಲೆಸ್ಟರು, ಸಾಲ್ಫರ್ಡು, ಪ್ರೆಸ್ಟನ್ನು ಮೊದಲಾದ ಪಟ್ಟಣಗಳ ಕೂಲಿಕಾರರ ಓಣಿಗಳಲ್ಲಿ ಪುಟ್ಟ ಶವಪೆಟ್ಟಿಗೆಗಳು ಒಂದರ ಹಿಂದೊಂದು ಹೊರಡುತ್ತಿದ್ದುವು. ಸೆಪ್ಟೆಂಬರು ಕಳೆದು ತಂಪಾದ ಮೇಲೆ ಅವು ತಾವಾಗಿಯೇ ವಿರಳವಾಗುತ್ತಿದ್ದುವು.

ಈ ರೋಗವು ಕೊಲ್ಲುವ ಬಗೆಯನ್ನು ಕಂಡವರು ಮರೆಯಲಾರರು. ಶಿಶುವಿನ ಶರೀರದ ಮುಕ್ಕಾಲು ಪಾಲು ನೀರೇ. ವಾಂತಿ ಭೇದಿಗಳಿಂದ ಆ ನೀರೂ ಅದರೊಡನೆ ಲವಣಗಳೂ ಹರಿದುಹೋಗುವುವು. ಮೈತೂಕದ ಹತ್ತನೆಯ ಒಂದು ಪಾಲಿನಷ್ಟು ನೀರು ಹೋಯಿತೆಂದರೆ ಪ್ರಾಣಕ್ಕೆ ಅಪಾಯವೊದಗಿತು. ಕಣ್ಣುಗಳು ಗುಳಿಬಿದ್ದು, ನೆತ್ತಿಯ ಮೆದುಭಾಗವು ಕುಸಿದು, ಅಳುವುದಕ್ಕೂ ತ್ರಾಣವಿಲ್ಲದೆ, ಅತ್ತರೂ ಕಣ್ಣೀರಿಲ್ಲದೆ, ಮುಂಜಾನೆ ಆಡುತ್ತಿದ್ದ ಕೂಸು ಮರುದಿನದ ಹೊತ್ತಿಗೆ ಇಲ್ಲವಾಗುವುದು. ಅಂದಿನ ವೈದ್ಯರಲ್ಲಿ ಅನೇಕರು ಭೇದಿಯನ್ನು ಹೊರಹಾಕಬೇಕೆಂದು ಹರಳೆಣ್ಣೆಯನ್ನು ಕುಡಿಸಿದರು. ಮತ್ತೆ ಕೆಲವರು ಅಫೀಮಿನಿಂದ ಕಟ್ಟಿದರು. ಹೋದ ನೀರನ್ನು ತಿರುಗಿ ತುಂಬಿಕೊಡುವ ಸುಲಭೋಪಾಯವು ಅವರ ಕೈಯಲ್ಲಿರಲಿಲ್ಲ.

ಈ ಸಾವುಗಳಿಗೆ ಹೊಣೆ ಯಾರೆಂಬ ಪ್ರಶ್ನೆಯು ಎದ್ದುದು ಕರುಣೆಯಿಂದ ಮಾತ್ರವೇ ಅಲ್ಲ. ಬೋಯರ್ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಬಂದ ಪಟ್ಟಣದ ತರುಣರಲ್ಲಿ ಬಹುಮಂದಿ ಮೈಕಟ್ಟಿಲ್ಲದವರೆಂದು ತಿರಸ್ಕೃತರಾದರು. ಸಾಮ್ರಾಜ್ಯವನ್ನು ಕಾಯಲು ಆಳುಗಳು ಸಾಲದೆ ಹೋದಾರೆಂಬ ಭೀತಿಯು ಹುಟ್ಟಿತು. ಜನರ ದೇಹಶಕ್ತಿಯ ಇಳಿತವನ್ನು ಕುರಿತು ಸರಕಾರದ ಸಮಿತಿಯೊಂದು 1904ರಲ್ಲಿ ವರದಿಯನ್ನು ಒಪ್ಪಿಸಿತು. 1906ರಲ್ಲಿ ಜಾರ್ಜ್ ನ್ಯೂಮನ್ ಎಂಬ ವೈದ್ಯಾಧಿಕಾರಿಯು ಶಿಶುಮರಣವನ್ನು ಸಾಮಾಜಿಕ ಸಮಸ್ಯೆಯೆಂದು ಕರೆದು ಗ್ರಂಥವೊಂದನ್ನು ಬರೆದನು. ಅದೇ ವರುಷ ಲಂಡನ್ನಿನಲ್ಲಿ ನೆರೆದ ಶಿಶುಮರಣ ಪರಿಷತ್ತಿನಲ್ಲಿ ಮಂತ್ರಿ ಜಾನ್ ಬರ್ನ್ಸನು ಮೊದಲು ತಾಯಿಯ ಕಡೆಗೆ ಗಮನವನ್ನು ತಿರುಗಿಸಬೇಕೆಂದು ಸಾರಿದನು. ತಾಯಿಯು ಗಿರಣಿಗೆ ಹೋಗುವಳು, ಮೊಲೆಯೂಡಿಸಳು, ಡಬ್ಬಿಯ ಗಟ್ಟಿಹಾಲನ್ನು ಕುಡಿಸುವಳು, ಸೀಸೆಯನ್ನು ತೊಳೆಯಳು, ಆಕೆ ಅಜ್ಞಾನಿ ಎಂದು ಪಂಡಿತರೂ ಪತ್ರಿಕಾಕಾರರೂ ಒಂದೇ ಸ್ವರದಲ್ಲಿ ಹಾಡಿದರು.

ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಮೊಲೆಹಾಲನ್ನು ಕುಡಿದ ಕೂಸುಗಳಿಗಿಂತ ಸೀಸೆಯ ಹಾಲನ್ನು ಕುಡಿದ ಕೂಸುಗಳು ಅತಿಸಾರದಿಂದ ಎಷ್ಟೋ ಪಾಲು ಹೆಚ್ಚಾಗಿ ಸತ್ತುದು ನಿಜ. ಉದ್ದನೆಯ ರಬ್ಬರು ಕೊಳವೆಯಿದ್ದ ಅಂದಿನ ಹಾಲಿನ ಸೀಸೆಯ ಒಳಮೈಯನ್ನು ತೊಳೆಯುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಕೆನೆ ತೆಗೆದ ಡಬ್ಬಿಹಾಲಿನಲ್ಲಿ ಸಕ್ಕರೆಯಿತ್ತೇ ಹೊರತು ಸತ್ತ್ವವಿರಲಿಲ್ಲ. ಆದರೆ ಆ ಸೀಸೆಯನ್ನು ಮಾಡಿ ಮಾರಿದವಳು ತಾಯಿಯಲ್ಲ. ಹಾಲು ಹಳ್ಳಿಯಿಂದ ತೆರೆದ ಪಾತ್ರೆಗಳಲ್ಲಿ ಬಿಸಿಲಿನಲ್ಲಿ ಪಟ್ಟಣಕ್ಕೆ ಬಂದುದು ಆಕೆಯ ಅಪ್ಪಣೆಯಿಂದಲ್ಲ. ಹೆರಿಗೆಯಾದ ಕೆಲವೇ ವಾರಗಳಲ್ಲಿ ಮಗ್ಗದ ಮುಂದೆ ನಿಲ್ಲುವಂತೆ ಆಕೆಯನ್ನು ಅಟ್ಟಿದುದು ಹೊಟ್ಟೆಯ ಹಸಿವು.

ತಾಯಿಯ ಅಜ್ಞಾನವೇ ಮೂಲಕಾರಣವೆಂಬ ವಾದವನ್ನು ಅಂಕಿಗಳ ಒರೆಗಲ್ಲಿನ ಮೇಲೆ ತಿಕ್ಕಿ ನೋಡೋಣ. 1910ರಲ್ಲಿ ಆ ದೇಶದ ಶಿಶುಮರಣದ ಪ್ರಮಾಣವು ಸಾವಿರಕ್ಕೆ 105 ಇದ್ದಿತು. 1911ರಲ್ಲಿ ಅದು 130ಕ್ಕೆ ಏರಿತು. 1912ರಲ್ಲಿ ತಿರುಗಿ 95ಕ್ಕೆ ಇಳಿಯಿತು. ಆ ಕಾಲಕ್ಕೆ ಅಲ್ಲಿ ವರುಷಕ್ಕೆ 8,80,000ದಷ್ಟು ಶಿಶುಗಳು ಹುಟ್ಟುತ್ತಿದ್ದುದರಿಂದ, 1911ರ ಒಂದೇ ವರುಷದಲ್ಲಿ ಹಿಂದಿನ ವರುಷದ ಪ್ರಮಾಣಕ್ಕಿಂತ 20,000ಕ್ಕೂ ಹೆಚ್ಚು ಕೂಸುಗಳು ಸತ್ತುವೆಂದಾಯಿತು. ಈ ಮೂರು ವರುಷಗಳಲ್ಲಿ ಬದಲಾದುದೇನು? 1910ರಲ್ಲಿ ಜಾಣೆಯರಾಗಿದ್ದ ತಾಯಂದಿರು 1911ರಲ್ಲಿ ದಡ್ಡರಾಗಿ, 1912ರಲ್ಲಿ ಮತ್ತೆ ಬುದ್ಧಿವಂತೆಯರಾದರೆ? ತಾಯಂದಿರು ಅವರೇ, ಸೀಸೆಗಳು ಅವೇ, ಗಿರಣಿಗಳೂ ಅವೇ. 1911ರ ಬೇಸಗೆಯು ಮಳೆಯಿಲ್ಲದೆ ವಿಪರೀತವಾಗಿ ಕಾದುದು; ಉಳಿದೆರಡು ವರುಷಗಳ ಬೇಸಗೆಗಳು ತಂಪಾಗಿ ತೊಯ್ದುವು. ಭೇದವು ಇಷ್ಟೇ.

ಹಾಗಾದರೆ ಬಿಸಿಲೇ ಕೊಂದಿತೆ? ಅದೂ ಅಲ್ಲ. ಬಿಸಿಲು ಸಿರಿವಂತನ ಮನೆಯ ಮೇಲೆಯೂ ಬೀಳುವುದು. ಅದೇ 1911ರ ಲೆಕ್ಕದಂತೆ, ಉತ್ತಮ ವರ್ಗದ ಗೃಹಸ್ಥರ ಶಿಶುಗಳು ಸಾವಿರಕ್ಕೆ 76ರಂತೆಯೂ, ಕಸುಬಿಲ್ಲದ ಕೂಲಿಕಾರರ ಶಿಶುಗಳು 152ಕ್ಕೂ ಮೇಲೆಯೂ, ಗಣಿಯ ಕೆಲಸಗಾರರ ಶಿಶುಗಳು 160ರಂತೆಯೂ ಸತ್ತುವು. ಇಲ್ಲಿ ವಾಚಕರು ಒಂದು ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಗಣಿಯ ಊರುಗಳಲ್ಲಿ ಮದುವೆಯಾದ ಹೆಂಗಸರು ಕೂಲಿಗೆ ಹೋಗುತ್ತಿದ್ದುದು ತೀರ ಕಡಿಮೆ. ಅವರು ಮನೆಯಲ್ಲಿಯೇ ಮಕ್ಕಳೊಡನೆ ಇದ್ದವರು. ಆದರೂ ಅವರ ಮಕ್ಕಳ ಸಾವೇ ಎಲ್ಲಕ್ಕೂ ಮಿಗಿಲಾಯಿತು. ತಾಯಿಯು ಗಿರಣಿಗೆ ಹೋಗುವುದೇ ಶಿಶುಹತ್ಯೆಗೆ ಕಾರಣವೆಂದು ಕೂಗಿದವರು ಈ ಅಂಕಿಗೆ ಉತ್ತರ ಹೇಳಲಾರದೆ ಹೋದರು. ಸರಕಾರದ ವೈದ್ಯಾಧಿಕಾರಿಯಾಗಿದ್ದ ಆರ್ಥರ್ ನ್ಯೂಸ್‌ಹೋಮನು 1910ರ ತನ್ನ ವರದಿಯಲ್ಲಿಯೇ ಈ ವಿಷಯವನ್ನು ಎತ್ತಿ ತೋರಿಸಿ, ಆಯಾ ಊರಿನ ನೈರ್ಮಲ್ಯದ ಕಡೆಗೆ ಬೆರಳಿಟ್ಟಿದ್ದನು.

ಬಿಸಿಲಿಗೂ ಬಡವನ ಓಣಿಗೂ ಗಂಟು ಹಾಕಿದುದು ಹೊಲಸು. 1889ರಲ್ಲಿಯೇ ಎಡ್ವರ್ಡ್ ಬ್ಯಾಲರ್ಡ್ ಎಂಬ ವೈದ್ಯನು, ನೆಲದೊಳಗೆ ನಾಲ್ಕು ಅಡಿಯ ಆಳದಲ್ಲಿ ಉಷ್ಣಮಾನವು 56 ಡಿಗ್ರಿ ಫಾರನ್‌ಹೀಟಿಗೆ ಮುಟ್ಟುವವರೆಗೆ ಅತಿಸಾರದ ಸಾವುಗಳು ಏರುವುದಿಲ್ಲವೆಂದು ತೋರಿಸಿದ್ದನು. ರೋಗದ ಬೀಜವು ಮಣ್ಣಿನಲ್ಲಿರುವುದೆಂಬ ಅವನ ಊಹೆಯು ತಪ್ಪಾದರೂ, ಮಲದಿಂದ ನೆನೆದ ನೆಲದ ಮೇಲೆ ಅವನಿಟ್ಟ ಸಂಶಯವು ತಪ್ಪಾಗಿರಲಿಲ್ಲ. ಆ ಪಟ್ಟಣಗಳ ಬಡವರ ಮನೆಗಳ ಹಿತ್ತಿಲಲ್ಲಿ ನೀರು ಹರಿಯುವ ಪಾಯಖಾನೆಗಳಿರಲಿಲ್ಲ. ಮಲದ ಗುಂಡಿಗಳೂ ಬಾಲ್ದಿಯ ಪಾಯಖಾನೆಗಳೂ ಇದ್ದುವು. ಬಾಲ್ದಿಗಳನ್ನು ಬರಿದುಮಾಡುವ ಗಾಡಿಯು ದಿನಾಲು ಬರುತ್ತಿರಲಿಲ್ಲ. ಸಾವಿರಾರು ಬಂಡಿ ಕುದುರೆಗಳ ಲದ್ದಿಯು ಬೀದಿಗಳಲ್ಲಿಯೂ ಲಾಯಗಳಲ್ಲಿಯೂ ರಾಶಿ ಬೀಳುತ್ತಿದ್ದಿತು. ಕಾದ ಲದ್ದಿಯಲ್ಲಿ ಮೊಟ್ಟೆಯಿಟ್ಟ ನೊಣದ ಸಂತಾನವು ಹೆಚ್ಚು ಕಡಿಮೆ ಹತ್ತು ದಿನಗಳಲ್ಲಿ ರೆಕ್ಕೆ ಬಿಚ್ಚುವುದು. ಆ ನೊಣವು ಗುಂಡಿಯಿಂದ ಎದ್ದು ಅಡಿಗೆಮನೆಗೆ ಬಂದು ಕೂಸಿನ ಹಾಲಿನ ಮೇಲೆ ಕುಳಿತುಕೊಳ್ಳುವುದಕ್ಕೆ ಯಾರ ರಹದಾರಿಯೂ ಬೇಡ. ಮಾಂಚೆಸ್ಟರಿನ ಆರೋಗ್ಯಾಧಿಕಾರಿ ಜೇಮ್ಸ್ ನಿವೆನನು ಬೇಸಗೆಯಲ್ಲಿ ನೊಣಗಳನ್ನು ಹಿಡಿಸಿ, ವಾರವಾರವೂ ಎಣಿಸಿ, ಅವುಗಳ ಏರಿಳಿತವನ್ನು ಅತಿಸಾರದ ಸಾವುಗಳ ಏರಿಳಿತಕ್ಕೆ ಹೋಲಿಸಿ ನೋಡಿದನು. ನೊಣಗಳನ್ನು ಎಣಿಸಿದ ಆ ಅಧಿಕಾರಿಯನ್ನು ನಗುವವರು ನಗಲಿ. ನಮಗಂತೂ ಅವನಲ್ಲಿ ಗೌರವವುಂಟು.

ಹಿತ್ತಿಲ ಗುಂಡಿಯು ಮನೆಯೊಡೆಯನದು. ಗಾಡಿಯು ಪುರಸಭೆಯದು. ನೀರಿನ ಕೊಳಾಯಿಯು ಎಷ್ಟು ಮನೆಗಳಿಗೆ ಒಂದಿರಬೇಕೆಂದು ನಿಶ್ಚಯಿಸಿದವರು ತೆರಿಗೆಯನ್ನು ಏರಿಸಲೊಲ್ಲದ ಪುರಪ್ರಮುಖರು. ಆದರೆ ಉಪದೇಶದ ಪಾತ್ರವನ್ನು ಮಾತ್ರ ತಾಯಿಯ ತಲೆಗೆ ಕಟ್ಟಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಸಿಕ್ಕದು.

ತಾಯಂದಿರಿಗೆ ನಿಜವಾಗಿ ನೆರವಾದವರೂ ಅಲ್ಲಿ ಇಲ್ಲದಿರಲಿಲ್ಲ. ಫ್ರಾನ್ಸಿನ ಫೆಕಾಂ ಪಟ್ಟಣದಲ್ಲಿ ವೈದ್ಯ ಲೆಯೋಂ ಡ್ಯುಫೂರನು 1894ರಲ್ಲಿ ತೆರೆದ ಹಾಲಿನ ಕೇಂದ್ರದ ಮಾದರಿಯ ಮೇಲೆ, ಸೇಂಟ್ ಹೆಲೆನ್ಸ್ ಪಟ್ಟಣದ ಪುರಸಭೆಯು 1899ರಲ್ಲಿ ಶುದ್ಧ ಹಾಲಿನ ಕೇಂದ್ರವನ್ನು ತೆರೆಯಿತು. ಇಂಗ್ಲೆಂಡಿನಲ್ಲಿ ಅದೇ ಮೊದಲನೆಯದು. ಹಡರ್ಸ್‌ಫೀಲ್ಡಿನ ಪುರಾಧ್ಯಕ್ಷ ಬೆಂಜಮಿನ್ ಬ್ರಾಡ್‌ಬೆಂಟನು 1904ರಲ್ಲಿ, ತನ್ನ ಲಾಂಗ್‌ವುಡ್ ಭಾಗದಲ್ಲಿ ತನ್ನ ಅಧಿಕಾರದ ಅವಧಿಯಲ್ಲಿ ಹುಟ್ಟಿ ಒಂದು ವರುಷ ಬದುಕಿದ ಪ್ರತಿಯೊಂದು ಕೂಸಿಗೂ ಒಂದು ಪೌಂಡನ್ನು ಕೊಡುವೆನೆಂದು ವಾಗ್ದಾನ ಮಾಡಿ, ಮನೆಮನೆಗೆ ಹೋಗಿ ತಾಯಂದಿರನ್ನು ವಿಚಾರಿಸುವ ಏರ್ಪಾಡನ್ನು ನಡೆಸಿದನು. ಕೂಸು ಹುಟ್ಟಿದ 36 ಗಂಟೆಗಳೊಳಗಾಗಿ ಆರೋಗ್ಯಾಧಿಕಾರಿಗೆ ತಿಳಿಸಬೇಕೆಂಬ ಕಾನೂನು 1907ರಲ್ಲಿ ಆಯಿತು. 1915ರಲ್ಲಿ ಅದು ಎಲ್ಲ ಊರುಗಳಿಗೂ ಕಡ್ಡಾಯವಾಯಿತು. ಇವೆಲ್ಲವೂ ಸ್ತುತ್ಯವಾದ ಕಾರ್ಯಗಳೇ. ತಾಯಿಯನ್ನು ಬೈದು ಹಿಂದಿರುಗಿದವರಿಗೂ, ಆಕೆಯ ಬಾಗಿಲಿಗೆ ಹಾಲನ್ನೋ ದಾದಿಯನ್ನೋ ಕಳುಹಿದವರಿಗೂ ಅಂತರವಿದೆ.

ಕಾಲಕ್ರಮದಲ್ಲಿ ಬಾಲ್ದಿಗಳು ಹೋಗಿ ನೀರು ಹರಿಯುವ ಪಾಯಖಾನೆಗಳು ಬಂದುವು. ಅಂಗಳಗಳಿಗೆ ಕಲ್ಲು ಹಾಸಿದರು. ಕುದುರೆಯ ಬಂಡಿಯ ಸ್ಥಾನಕ್ಕೆ ಮೋಟಾರು ಬಂದಿತು. ಹಾಲು ಶುದ್ಧವಾಯಿತು, ಕುಟುಂಬಗಳು ಚಿಕ್ಕವಾದುವು, ದಾದಿಯರು ಓಣಿಗಳಿಗೆ ನಡೆದುಬಂದರು. 1920ರಲ್ಲಿ ಸಾವಿರಕ್ಕೆ 80ರಷ್ಟಿದ್ದ ಶಿಶುಮರಣವು 1930ರಲ್ಲಿ 60ಕ್ಕೂ 1950ರ ಹೊತ್ತಿಗೆ 30ರ ಸಮೀಪಕ್ಕೂ ಇಳಿಯಿತು. ಈ ಇಳಿತದ ಯಶಸ್ಸನ್ನು ಯಾವುದೊಂದೇ ಕಾರಣಕ್ಕೆ ಕಟ್ಟುವುದು ನ್ಯಾಯವಲ್ಲ. ಆದರೆ ಅದರ ಬಹುಭಾಗವು ಅತಿಸಾರಕ್ಕೆ ತಕ್ಕ ಔಷಧವು ದೊರೆಯುವುದಕ್ಕೆ ಮುಂಚೆಯೇ ನಡೆಯಿತೆಂಬುದನ್ನು ಮರೆಯಲಾಗದು.

ನಮ್ಮ ದೇಶದಲ್ಲಿ ಏನಾಯಿತು? ತಮ್ಮ ಊರಿನ ನೊಣಗಳನ್ನು ಎಣಿಸಿದ ಜನರೇ ಇಲ್ಲಿ ರಾಜ್ಯವಾಳುತ್ತಿದ್ದರು. ಆಗ ಧಾರವಾಡ, ಬೆಳಗಾವಿ, ವಿಜಾಪುರಗಳನ್ನೊಳಗೊಂಡಿದ್ದ ಮುಂಬಯಿ ಇಲಾಖೆಯ ರಾಜಧಾನಿಯಲ್ಲಿ 1921ರಲ್ಲಿ ನೋಂದಾದ ಶಿಶುಮರಣದ ಪ್ರಮಾಣವು ಸಾವಿರಕ್ಕೆ 666. ಒಂದೇ ಕೋಣೆಯ ಬಿಡಾರಗಳಲ್ಲಿ 828. ಹೆರಿಗೆಗೆ ಊರಿಗೆ ಹೋಗಿ ಕೂಸಿನೊಡನೆ ಮರಳುತ್ತಿದ್ದ ಹೆಂಗಸರ ಮಕ್ಕಳ ಜನನವು ನಗರದ ಲೆಕ್ಕಕ್ಕೆ ಸೇರದೆ, ಮರಣವು ಮಾತ್ರ ಸೇರುತ್ತಿದ್ದುದರಿಂದ ಈ ಅಂಕಿಯು ನಿಜಕ್ಕಿಂತ ಉಬ್ಬಿದುದೆಂಬುದನ್ನು ಒಪ್ಪಬೇಕು. ಸತ್ತವರೆಲ್ಲರೂ ಅತಿಸಾರದಿಂದ ಸತ್ತವರೂ ಅಲ್ಲ. ಎಷ್ಟು ಕಳೆದರೂ ಉಳಿಯುವ ಸಂಖ್ಯೆಯು ಯಾವ ಪ್ರಭುತ್ವಕ್ಕೂ ಶೋಭೆ ತರುವಂಥದಲ್ಲ. ಗಿರಣಿಯ ಹೆಂಗಸರು ಕೂಸುಗಳಿಗೆ ಅಫೀಮಿನ ಗುಳಿಗೆಯನ್ನು ತಿನ್ನಿಸಿ ಮಲಗಿಸುವರೆಂದು ಅಲ್ಲಿಯೂ ತಾಯಿಯನ್ನೇ ದೂರಿದರು. ಕೂಸನ್ನು ಬಿಡುವುದಕ್ಕೆ ಜಾಗವಿಲ್ಲದ ಗಿರಣಿಯನ್ನು ದೂರಿದವರು ವಿರಳ. ಬಾಣಂತಿಗೆ ರಜೆಯ ಕಾಲದ ಭತ್ಯವನ್ನು ಕೊಡಬೇಕೆಂಬ ಕಾನೂನು ಆ ಇಲಾಖೆಯಲ್ಲಿ ಆದುದು 1929ರಲ್ಲಿ.

ಪರರನ್ನು ದೂರುವ ಕಾಲವು ಕಳೆದುಹೋಗಿ ಬಹುಕಾಲವಾಯಿತು. ಈಗ ರಾಜ್ಯವು ನಮ್ಮದು, ಪುರಸಭೆಯು ನಮ್ಮದು, ಗಟಾರವೂ ನಮ್ಮದೇ. ನಮ್ಮವರು ಮಾಡಿದ ಒಳ್ಳೆಯ ಕೆಲಸವನ್ನು ಮೊದಲು ಹೇಳುವುದು ಧರ್ಮ. 1971ರಲ್ಲಿ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಲನಬೀಸರು ಉಪ್ಪು ಮತ್ತು ಗ್ಲೂಕೋಸು ಬೆರಸಿದ ನೀರನ್ನು ಕುಡಿಸಿ ಸಹಸ್ರಾರು ಜೀವಗಳನ್ನು ಉಳಿಸಿದರು. ಶೇಕಡಾ 30ರ ಸುಮಾರಿಗಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇಂಗ್ಲೆಂಡಿನ ವೈದ್ಯರ ಕೈಯಲ್ಲಿರದಿದ್ದ ಸುಲಭೋಪಾಯವು ಇದೇ. ಕೂಸುಗಳ ಅತಿಸಾರಕ್ಕೆ ಮುಖ್ಯ ಕಾರಣಗಳಲ್ಲೊಂದಾದ ರೋಟಾ ವೈರಸ್ಸಿಗೆ ನಮ್ಮ ದೇಶದಲ್ಲಿಯೇ ಸಿದ್ಧವಾದ ಲಸಿಕೆಯು 2016ರಿಂದ ಸರಕಾರದ ಲಸಿಕಾ ಕಾರ್ಯಕ್ರಮವನ್ನು ಸೇರಿತು. 2020ರ ಮಾದರಿ ನೋಂದಣಿಯ ಲೆಕ್ಕದಂತೆ ಭಾರತದ ಶಿಶುಮರಣವು ಸಾವಿರಕ್ಕೆ 28, ಕರ್ನಾಟಕದ್ದು 19. ನಮ್ಮ ಅಜ್ಜಿಯರ ಕಾಲವನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ.

ಆದರೆ ಔಷಧವು ಬಂದುದೇ ಹೊಲಸಿಗೆ ಪರವಾನಗಿಯಾಯಿತೆ ಎಂಬ ಶಂಕೆಯು ನಮ್ಮನ್ನು ಕಾಡುತ್ತದೆ. 2022ರ ಬೇಸಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ ಪುರದ ನೀರನ್ನೇ ಕುಡಿದು ನೂರಾರು ಜನರು ವಾಂತಿ ಭೇದಿಗಳಿಂದ ಆಸ್ಪತ್ರೆಯನ್ನು ಸೇರಿದರು. ಕೆಲವರು ಜೀವವನ್ನು ಕಳೆದುಕೊಂಡರು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಅದೇ ಕಥೆಯಾಯಿತು. ಸತ್ತವರು ಹಸುಗೂಸುಗಳೇ ಎಂದು ನಾವು ಹೇಳುತ್ತಿಲ್ಲ. ಬೆಳೆದ ಆಳನ್ನು ಕೆಡವಿದ ನೀರು ತೊಟ್ಟಿಲ ಕೂಸಿಗೆ ಅಮೃತವಾಗಲಾರದು ಎಂದಷ್ಟೇ ನಮ್ಮ ಮಾತು. ಈ ಎರಡು ಊರುಗಳಲ್ಲಿ ನೀರು ಬಂದುದು ಕೆರೆಯಿಂದ ನೇರವಾಗಿ ಅಲ್ಲ; ಸಾರ್ವಜನಿಕರ ಹಣದಿಂದ ಕಟ್ಟಿದ ವ್ಯವಸ್ಥೆಯ ಮೂಲಕ.

ಕಾರಣವು ಗೂಢವಾದುದೂ ಅಲ್ಲ. ನಮ್ಮ ಬಹುತರ ಊರುಗಳಲ್ಲಿ ನೀರು ದಿನವೆಲ್ಲ ಬರುವುದಿಲ್ಲ. ನೀರು ನಿಂತೊಡನೆ ಕೊಳವೆಯು ಬರಿದಾಗುವುದು. ಒತ್ತಡವಿಲ್ಲದ ಕೊಳವೆಯ ಬಿರುಕುಗಳಿಂದ, ಪಕ್ಕದಲ್ಲಿಯೇ ಹರಿಯುವ ಗಟಾರದ ನೀರು ಒಳಕ್ಕೆ ಸೇರುವುದು. ಮರುದಿನ ಮೊದಲ ಕೊಡಕ್ಕೆ ಬೀಳುವುದು ಆ ನೀರೇ. ನಳಗಳ ಸಂಖ್ಯೆಯನ್ನು ವರದಿಗಳಲ್ಲಿ ಹೆಮ್ಮೆಯಿಂದ ತೋರಿಸುವೆವು. ನಳದಿಂದ ಬಂದ ನೀರಿನ ಗುಣವನ್ನು ಕೇಳಿದರೆ ಕಡತವನ್ನು ಹುಡುಕುವೆವು.

ಆದುದರಿಂದ ಅಧಿಕಾರಿಗಳಲ್ಲಿಯೂ ಪುರಸಭೆಗಳ ಸದಸ್ಯರಲ್ಲಿಯೂ ನಮ್ಮ ಬಿನ್ನಹಗಳು ಕೆಲವೇ. ಮೊದಲನೆಯದು: ಪ್ರತಿಯೊಂದು ವಾರ್ಡಿನಲ್ಲಿಯೂ ಅತಿಸಾರದಿಂದ ನರಳಿದ ಮಕ್ಕಳ ಸಂಖ್ಯೆಯನ್ನೂ, ಮನೆಯ ನಳದ ನೀರಿನ ಪರೀಕ್ಷೆಯ ಫಲವನ್ನೂ ವಾರಕ್ಕೊಮ್ಮೆ ಬಹಿರಂಗವಾಗಿ ಪ್ರಕಟಿಸಬೇಕು. ಇಂಥ ಪಟ್ಟಿಯನ್ನು ನಮ್ಮ ಪತ್ರಿಕೆಯು ದರವಿಲ್ಲದೆ ಅಚ್ಚು ಹಾಕುವುದು. ಎರಡನೆಯದು: ಗಟಾರವನ್ನು ದಾಟುವ ಹಳೆಯ ಕೊಳವೆಗಳನ್ನು ಮಳೆಗಾಲಕ್ಕೆ ಮುಂಚೆ ಬದಲಾಯಿಸಬೇಕು, ಸಾವಾದ ಮೇಲೆ ಅಲ್ಲ. ಮೂರನೆಯದು: ಓ.ಆರ್.ಎಸ್. ಪೊಟ್ಟಣವೂ ಸತುವಿನ ಗುಳಿಗೆಯೂ ಪ್ರತಿಯೊಂದು ಅಂಗನವಾಡಿಯಲ್ಲಿ ಕೇಳಿದೊಡನೆ ಸಿಕ್ಕಬೇಕು. ದಾಸ್ತಾನು ಮುಗಿದಿದೆಯೆಂಬ ಉತ್ತರವು ಕೇಳಿಬರಕೂಡದು. ಇಷ್ಟನ್ನು ಮಾಡಿದ ಬಳಿಕ ತಾಯಂದಿರಿಗೆ ಉಪದೇಶ ಮಾಡಿರಿ, ಆಕೆ ಕೇಳುವಳು. ಏಕೆಂದರೆ ಕೂಸು ಬದುಕಬೇಕೆಂಬ ಹಂಬಲದಲ್ಲಿ ಆಕೆಯನ್ನು ಮೀರಿಸಿದ ಅಧಿಕಾರಿಯು ಇದುವರೆಗೆ ಹುಟ್ಟಿಲ್ಲ.

ಹಣವಿಲ್ಲವೆಂಬ ಉತ್ತರವನ್ನು ನಾವು ಬಲ್ಲೆವು. ಜನರೇ ಗಟಾರಕ್ಕೆ ಕಸವನ್ನು ಸುರಿಯುವರೆಂಬ ಮಾತನ್ನೂ ಬಲ್ಲೆವು, ಅದರಲ್ಲಿ ಸತ್ಯವಿದೆ. ಊರಿನ ಗೃಹಸ್ಥರು ತಮ್ಮ ಅಂಗಳದ ಹೊಲಸನ್ನು ನೆರೆಯವನ ಬಾಗಿಲಿಗೆ ದೂಡುವ ಚಟವನ್ನು ಬಿಡಬೇಕು. ಇದಕ್ಕೆ ಸರಕಾರದ ಅಪ್ಪಣೆ ಬೇಕಾಗಿಲ್ಲ. ಆದರೆ ತೆರಿಗೆಯನ್ನು ಕಟ್ಟಿಸಿಕೊಂಡವನ ಹೊಣೆಯು ತೆರಿಗೆ ಕಟ್ಟಿದವನ ಹೊಣೆಗಿಂತ ಮುಂಚಿನದು. ಇಂಗ್ಲೆಂಡಿನ ಪುರಪ್ರಮುಖರೂ ತೆರಿಗೆಯ ನೆವವನ್ನೇ ಹೇಳಿ ದಶಕಗಳನ್ನು ಕಳೆದರು. ಅವರು ಉಳಿಸಿದ ಹಣವೆಷ್ಟೆಂಬುದನ್ನು ಈಗ ಯಾರೂ ನೆನೆಯರು. 1911ರ ಬೇಸಗೆಯಲ್ಲಿ ಸತ್ತ ಕೂಸುಗಳ ಲೆಕ್ಕ ಮಾತ್ರ ಉಳಿದಿದೆ.

ಮುಂದಿನ ಮಳೆಗಾಲದಲ್ಲಿ ಆ ಪ್ರಕಟನೆಯು ಮತ್ತೆ ನಮ್ಮ ಕಚೇರಿಗೆ ಬರುವುದು. ನಾವು ಅದನ್ನು ಅಚ್ಚು ಹಾಕುವೆವು. ಆದರೆ ನೀರನ್ನು ಕಾಯಿಸಿರೆಂದು ತಾಯಿಗೆ ಹೇಳುವ ಸಾಲಿನ ಕೆಳಗೆ, ಆ ನೀರನ್ನು ನಾವು ಈ ವಾರ ಪರೀಕ್ಷಿಸಿದ್ದೇವೆಂದು ಹೇಳುವ ಇನ್ನೊಂದು ಸಾಲು ಇರಬೇಕೆಂದು ಅದನ್ನು ಕಳುಹುವವರಲ್ಲಿ ಈಗಲೇ ಪ್ರಾರ್ಥಿಸುತ್ತೇವೆ.